ಹಳೇ ಕಾರಿಗೆ ಹೊಸ ಎಂಜಿನ್: ಬಾನೆಟ್ ಮುಚ್ಚಿದ ಮೇಲೆ ಶುರುವಾಗುವ ಕೆಲಸ

1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಾಂಟೆಸಾ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಉದ್ದನೆ ಬಾನೆಟ್, ಅಗಲವಾದ ಸೀಟು, ನೋಡಿದರೆ ಒಳ್ಳೆ ಗತ್ತು. ಬಾಡಿ ಬ್ರಿಟನ್ನಿನ ವಾಕ್ಸಾಲ್ ವಿಎಕ್ಸ್ ಕಾರಿನದು. ಅಲ್ಲಿ ಅದೇ ಬಾಡಿಯನ್ನು 1.8 ಮತ್ತು 2.3 ಲೀಟರ್ ಎಂಜಿನ್‌ಗಳು ಎಳೆಯುತ್ತಿದ್ದವು. ಇಲ್ಲಿ ಬಾನೆಟ್ ಎತ್ತಿದರೆ ನಮ್ಮ ಅಂಬಾಸಿಡರ್‌ನದೇ 1489 ಸಿಸಿ ಎಂಜಿನ್, ಸುಮಾರು 50 ಹಾರ್ಸ್‌ಪವರ್. ಐದು ಜನ ಕೂತು ಘಾಟಿ ಹತ್ತಿದರೆ ಗತ್ತೆಲ್ಲ ಇಳಿದು ಹೋಗುತ್ತಿತ್ತು. ಕೆಲವು ವರ್ಷದ ನಂತರ ಕಂಪನಿ ಜಪಾನಿನ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರಿನ ಬಾಕ್ಸ್ ತಂದು ಕೂರಿಸಿತು. ಕಾಂಟೆಸಾ ಆಗ ನಿಜವಾಗಿ ಓಡತೊಡಗಿತು. 1990ರ ದಶಕದ ಆರಂಭದಲ್ಲಿ ಅದೇ ಇಸುಜು ಅಂಬಾಸಿಡರ್‌ಗೂ ಬಂತು, 75 ಹಾರ್ಸ್‌ಪವರ್ ಲೆಕ್ಕದಲ್ಲಿ. 1956ರ ಮಾರಿಸ್ ಆಕ್ಸ್‌ಫರ್ಡ್‌ನ ಬಾಡಿ, ಜಪಾನಿನ ಎಂಜಿನ್. ಕಂಪನಿಯೇ ಮಾಡಿದ ಎಂಜಿನ್ ಬದಲಾವಣೆ ಇದು, ಅಲ್ವಾ?

ಇದೊಂದೇ ಅಲ್ಲ. ಪ್ರೀಮಿಯರ್ 118 ಎನ್‌ಇ ನೆನಪಿದೆಯಾ? ಬಾಡಿ 1960ರ ದಶಕದ ಫಿಯಟ್ 124ನದು, ಎಂಜಿನ್ ನಿಸಾನ್‌ನ 1171 ಸಿಸಿ. ಅದು ಚೆನ್ನಾಗಿಯೇ ನಡೆಯಿತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಉಲ್ಟಾ ಮಾಡಿತು. ರೋವರ್ ಎಸ್‌ಡಿ1 ಎಂಬ ಸೊಗಸಾದ ಹೊಸ ಬಾಡಿಗೆ ಹಳೇ ವ್ಯಾನ್‌ಗಾರ್ಡ್ ವಂಶದ 2 ಲೀಟರ್ ಎಂಜಿನ್ ಹಾಕಿತು. ಬ್ರಿಟನ್ನಿನಲ್ಲಿ ಅದೇ ಬಾಡಿಗೆ 3.5 ಲೀಟರ್ ವಿ8 ಇತ್ತು. ಸ್ಟ್ಯಾಂಡರ್ಡ್ 2000 ಕೆಲವೇ ವರ್ಷದಲ್ಲಿ ಮಣ್ಣು ಮುಕ್ಕಿತು.

ಹಾಗಾಗಿ ಹಳೇ ಕಾರಿಗೆ ಹೊಸ ಎಂಜಿನ್ ಅನ್ನುವುದು ನಮಗೆ ಹೊಸ ಶೋಕಿಯೇನಲ್ಲ. ಆದರೆ ಕಂಪನಿ ಮಾಡುವುದಕ್ಕೂ ಗಲ್ಲಿಯ ಗ್ಯಾರೇಜ್ ಮಾಡುವುದಕ್ಕೂ ಒಂದು ವ್ಯತ್ಯಾಸ ಇದೆ. ಕಂಪನಿ ಎಂಜಿನ್ ಜೊತೆಗೆ ಹತ್ತು ವಿಷಯ ಬದಲಾಯಿಸುತ್ತದೆ. ಗ್ಯಾರೇಜಿನಲ್ಲಿ ನಾವು ಬರೀ ಎಂಜಿನ್‌ಗೆ ರೇಟು ಮಾತಾಡುತ್ತೇವೆ. ಉಳಿದ ಒಂಬತ್ತು ಆಮೇಲೆ ಒಂದೊಂದಾಗಿ ಬಿಲ್ಲಾಗಿ ಬರುತ್ತವೆ. ಆ ಒಂಬತ್ತು ಯಾವುವು, ಯಾಕೆ ಬೇಕು ಅನ್ನುವುದೇ ಈ ಲೇಖನ.

ಮೊದಲು, ಬೇಕಾ ಅಂತ ಕೇಳಿಕೊಳ್ಳಿ

ಅಂಬಾಸಿಡರ್‌ನ ಹಳೇ ಪೆಟ್ರೋಲ್ ಎಂಜಿನ್‌ಗೆ ಬಿಎಂಸಿ ಬಿ-ಸೀರೀಸ್ ಅಂತ ಹೆಸರು. ಬ್ಲಾಕೂ ಎರಕದ ಕಬ್ಬಿಣ, ಹೆಡ್ಡೂ ಎರಕದ ಕಬ್ಬಿಣ. ಬ್ರಿಟನ್ನಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿಗೂ ಮೊದಲು ಇದೇ ಕುಟುಂಬದ 1489 ಸಿಸಿ ಎಂಜಿನ್ ಇತ್ತು. ಅಂದರೆ ಎಂಜಿನ್ ಅಷ್ಟೇನೂ ದಡ್ಡ ಅಲ್ಲ. ನಮ್ಮಲ್ಲಿ ಕಳಪೆ ಪೆಟ್ರೋಲ್, ಕಡಿಮೆ ಕಂಪ್ರೆಷನ್, ಸವೆದ ಕಾರ್ಬ್ಯುರೇಟರ್, ಟ್ಯಾಕ್ಸಿ ಕೆಲಸ ಎಲ್ಲ ಸೇರಿ ಅದಕ್ಕೆ ಕೆಟ್ಟ ಹೆಸರು ತಂದವು.

"ಪಿಕಪ್ ಇಲ್ಲ, ಎಂಜಿನ್ ಚೇಂಜ್ ಮಾಡೋಣ" ಅನ್ನುವ ಗಾಡಿಗಳಲ್ಲಿ ಅರ್ಧಕ್ಕರ್ಧಕ್ಕೆ ಬೇಕಾಗಿರುವುದು ರೀಬೋರ್ (ಸವೆದ ಸಿಲಿಂಡರನ್ನು ಮತ್ತೆ ಕೊರೆಸುವುದು), ಹೊಸ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಸರಿಯಾದ ಕಾರ್ಬ್ಯುರೇಟರ್ ಮತ್ತು ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಅಷ್ಟೇ ಅಂತ ನನ್ನ ಅನಿಸಿಕೆ. ಈ ಕೆಲಸ ಗೊತ್ತಿರುವ ಲೇತ್ ಅಂಗಡಿಗಳು ಈಗಲೂ ಇವೆ. ಭಾನುವಾರ ಬೆಳಿಗ್ಗೆ ತಿಂಡಿಗೆ ಹೋಗಿ ಬರುವ ಕಾರಾದರೆ ಇಷ್ಟೇ ಸಾಕು. ದಿನಾ ಹೆದ್ದಾರಿಯಲ್ಲಿ ಓಡಬೇಕು, ಎಸಿ ಬೇಕು, ಲಾರಿ ಹಿಂದೆ ಸಿಕ್ಕಿಹಾಕಿಕೊಳ್ಳಬಾರದು ಅನ್ನುವವರಿಗೆ ಮಾತ್ರ ಮುಂದಿನ ಮಾತು.

ಯಾವ ಎಂಜಿನ್ ಕೂರುತ್ತೆ, ಯಾವುದು ಕೂರಲ್ಲ

ಎಲ್ಲರೂ ಮೊದಲು ಕೇಳುವ ಪ್ರಶ್ನೆ: "ಸ್ವಿಫ್ಟ್ ಎಂಜಿನ್ ಹಾಕಬಹುದಾ? ಹೋಂಡಾ ಸಿಟಿದು?" ಗುಜರಿಯಲ್ಲಿ ಇವು ಧಾರಾಳವಾಗಿ ಸಿಗುತ್ತವೆ, ಪವರೂ ಜಾಸ್ತಿ. ಆದರೆ ತೊಂದರೆ ಇರುವುದು ಪವರಿನಲ್ಲಿ ಅಲ್ಲ, ದಿಕ್ಕಿನಲ್ಲಿ.

ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಗೇರ್ ಬಾಕ್ಸು, ಎರಡು ಚಕ್ರಕ್ಕೂ ಪವರ್ ಹಂಚುವ ಡಿಫರೆನ್ಷಿಯಲ್ಲು ಎರಡೂ ಒಂದೇ ಪೆಟ್ಟಿಗೆಯೊಳಗೆ, ಎಂಜಿನ್ ಪಕ್ಕಕ್ಕೇ ಅಂಟಿಕೊಂಡಿರುತ್ತವೆ. ಅಂಬಾಸಿಡರ್, ಪದ್ಮಿನಿ, ಕಾಂಟೆಸಾ, ಜೀಪು ಇವುಗಳಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ. ಹಿಂದೆ ಗೇರ್ ಬಾಕ್ಸ್, ಅದರ ಹಿಂದೆ ಪವರನ್ನು ಹಿಂದಕ್ಕೆ ಒಯ್ಯುವ ಉದ್ದನೆ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಅಡ್ಡ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಇಟ್ಟರೆ ಅದರ ಗೇರ್ ಬಾಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಅದೇ ಎಂಜಿನ್‌ಗೆ ಕೂರುವ, ಹಿಂಚಕ್ರ ಓಡಿಸುವ ಗೇರ್ ಬಾಕ್ಸ್ ಎಲ್ಲಾದರೂ ಇದೆಯಾ ಅಂತ ಹುಡುಕಬೇಕು. ಹಲವು ಸಲ ಇರುವುದೇ ಇಲ್ಲ.

ಇರುವ ಕಡೆ ಕೆಲಸ ಸಲೀಸು. ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಉದ್ದಕ್ಕೇ ಕೂತಿರುವಂಥದ್ದು. ಎಸ್ಟೀಮ್ ಕಾರಿನದೂ ಅದೇ ಕುಟುಂಬ. ಹಾಗಾಗಿ ಸಣ್ಣ ಹಳೇ ಕಾರುಗಳಿಗೆ ಎಸ್ಟೀಮ್ ಎಂಜಿನ್, ಜಿಪ್ಸಿ ಗೇರ್ ಬಾಕ್ಸ್ ಅನ್ನುವ ಜೋಡಿ ಮೆಕ್ಯಾನಿಕ್‌ಗಳ ಬಾಯಲ್ಲಿ ಆಗಾಗ ಬರುತ್ತದೆ. ಭಾರದ ಗಾಡಿಗಳಿಗೆ ಇಸುಜು, ಟೊಯೋಟಾ ಕ್ವಾಲಿಸ್, ಮಹೀಂದ್ರಾ ಕಡೆ ನೋಡುತ್ತಾರೆ. ಇವೆಲ್ಲ ಮೊದಲಿನಿಂದಲೇ ಹಿಂಚಕ್ರದ ಗಾಡಿಗಳು.

ಎಂಜಿನ್ನಿನ ಆಕಾರವೂ ಮುಖ್ಯ. ಅಮೆರಿಕದಲ್ಲಿ ಹಳೇ ಕಾರಿಗೆ ಎಂಜಿನ್ ಹಾಕುವವರು ಕಣ್ಣುಮುಚ್ಚಿ ಹೇಳುವ ಹೆಸರು ಷೆವರ್ಲೆಯ ಎಲ್‌ಎಸ್. 1997ರ ಕಾರ್ವೆಟ್‌ನಲ್ಲಿ ಬಂದ 5.7 ಲೀಟರ್ ವಿ8 ಇದರ ಮೊದಲನೆಯದು. 5.7 ಲೀಟರ್ ಅಂದರೆ ದೊಡ್ಡದಿರಬೇಕು ಅನ್ನಿಸುತ್ತೆ. ಆದರೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇದರಲ್ಲಿ ಬ್ಲಾಕಿನ ಒಳಗೇ ಇದೆ, ತಲೆಯ ಮೇಲಿಲ್ಲ. ನಮ್ಮ ಅಂಬಾಸಿಡರ್ ಎಂಜಿನ್ ಥರವೇ ಪುಷ್‌ರಾಡ್ ವ್ಯವಸ್ಥೆ. ಅದರಿಂದ ಹೆಡ್ ಚಿಕ್ಕದಾಗಿ, ಇಡೀ ಎಂಜಿನ್ ಗಿಡ್ಡವಾಗಿ, ಕಿರಿದಾಗಿ ಇದೆ. ಫೋರ್ಡ್‌ನ ಹೊಸ 5 ಲೀಟರ್ ಕೊಯೋಟ್ ಎಂಜಿನ್‌ಗೆ ಪ್ರತಿ ಹೆಡ್‌ನಲ್ಲೂ ಎರಡೆರಡು ಕ್ಯಾಮ್. ಅದಕ್ಕೇ ಎಷ್ಟು ಅಗಲ ಅಂದರೆ, ಫೋರ್ಡ್‌ನದೇ 1965ರ ಮಸ್ಟಾಂಗ್‌ಗೆ ಇಳಿಸಬೇಕಾದರೆ ಶಾಕ್ ಅಬ್ಸಾರ್ಬರ್ ಕೂರುವ ಗೋಪುರಗಳನ್ನೇ ಕತ್ತರಿಸಬೇಕಾಗುತ್ತದೆ. ಒಂದೇ ಕಂಪನಿ, ಆದರೂ ಜಾಗ ಸಾಲದು.

ಜಾಗದ ಕಥೆ ಅಂದರೆ ಸನ್‌ಬೀಮ್ ಟೈಗರ್‌ನದ್ದನ್ನು ಹೇಳಲೇಬೇಕು. ಬ್ರಿಟನ್ನಿನ ರೂಟ್ಸ್ ಕಂಪನಿಯ ಆಲ್ಪೈನ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಕ್ಯಾಲಿಫೋರ್ನಿಯಾದ ಕ್ಯಾರಲ್ ಶೆಲ್ಬಿ ಫೋರ್ಡ್‌ನ 4.2 ಲೀಟರ್ ವಿ8 ಹಾಕಿ ಮಾದರಿ ಮಾಡಿಕೊಟ್ಟ. 1964ರಲ್ಲಿ ಅದು ಟೈಗರ್ ಅನ್ನುವ ಹೆಸರಲ್ಲಿ ಬಂತು. ಹಳೇ ಸ್ಟೀರಿಂಗ್ ಬಾಕ್ಸ್ ಎಂಜಿನ್‌ಗೆ ಅಡ್ಡ ಬಂತು ಅಂತ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಹಾಕಬೇಕಾಯಿತು. ಜೋಡಣೆ ನಡೆಯುತ್ತಿದ್ದ ಕಾರ್ಖಾನೆಯಲ್ಲಿ ಪೇಂಟ್ ಆದ ಬಾಡಿಯ ಫೈರ್‌ವಾಲನ್ನು (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ದೊಡ್ಡ ಸುತ್ತಿಗೆಯಿಂದ ಬಡಿದು ಜಾಗ ಮಾಡುತ್ತಿದ್ದರು. ಹೌದು, ಹೊಸ ಕಾರಿಗೆ, ಕಾರ್ಖಾನೆಯಲ್ಲೇ! ಒಂದು ಸ್ಪಾರ್ಕ್ ಪ್ಲಗ್ ಬದಲಾಯಿಸಬೇಕಾದರೆ ಕಾರಿನ ಒಳಗೆ ಕೂತು, ಫೈರ್‌ವಾಲಿನ ತೂತಿನ ಮುಚ್ಚಳ ತೆಗೆದು ಕೈ ಹಾಕಬೇಕು. ಆಮೇಲೆ ರೂಟ್ಸ್ ಕಂಪನಿ ಅಮೆರಿಕದ ಕ್ರೈಸ್ಲರ್ ಕೈಗೆ ಹೋಯಿತು. ಪ್ರತಿಸ್ಪರ್ಧಿ ಫೋರ್ಡ್ ಎಂಜಿನ್ ಯಾಕೆ, ನಮ್ಮದೇ ವಿ8 ಹಾಕೋಣ ಅಂತ ಕ್ರೈಸ್ಲರ್ ನೋಡಿದರೆ ಅದು ಕೂರಲಿಲ್ಲ. ಫೋರ್ಡ್ ಎಂಜಿನ್‌ಗೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಂದುಗಡೆ ಇತ್ತು, ಕ್ರೈಸ್ಲರ್‌ನದಕ್ಕೆ ಹಿಂದುಗಡೆ. ಹಿಂದೆ ಫೈರ್‌ವಾಲ್. 1967ರಲ್ಲಿ ಟೈಗರ್ ನಿಂತೇ ಹೋಯಿತು.

ಗುಜರಿಯಲ್ಲಿ ಎಂಜಿನ್ ನೋಡುವಾಗ ಪವರ್ ಕೇಳುವ ಮುಂಚೆ ಟೇಪ್ ತೆಗೆಯಿರಿ. ಎಂಜಿನ್ ಅಡಿಯ ಆಯಿಲ್ ಚೇಂಬರ್ ಎಲ್ಲಿ ಆಳ ಇದೆ, ಮುಂದೋ ಹಿಂದೋ? ನಿಮ್ಮ ಕಾರಿನ ಕ್ರಾಸ್ ಮೆಂಬರ್ (ಎಂಜಿನ್ ಕೆಳಗಿನ ಅಡ್ಡ ತೊಲೆ), ಸ್ಟೀರಿಂಗ್ ಎಲ್ಲಿ ಬರುತ್ತೆ? ಎಕ್ಸಾಸ್ಟ್ ಯಾವ ಕಡೆ, ಸ್ಟೀರಿಂಗ್ ಕಾಲಂ ಯಾವ ಕಡೆ? ಎರಡೂ ಒಂದೇ ಕಡೆ ಆದರೆ ಬಿಸಿ ತಗಲುತ್ತದೆ.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಒಂದು ಕೂದಲೆಳೆ

ಎಂಜಿನ್ ಒಂದು ಕಂಪನಿ, ಗೇರ್ ಬಾಕ್ಸ್ ಇನ್ನೊಂದು ಕಂಪನಿ ಆದರೆ ಬೋಲ್ಟ್ ತೂತುಗಳು ಹೊಂದುವುದಿಲ್ಲ. ಆಗ ನಡುವೆ ಒಂದು ದಪ್ಪ ಪ್ಲೇಟ್ ಕಡೆಸುತ್ತಾರೆ. ಅಡಾಪ್ಟರ್ ಪ್ಲೇಟ್. ನೋಡಲು ಸುಮ್ನೆ ತೂತು ಕೊರೆದ ಉಕ್ಕಿನ ತುಂಡು. ಆದರೆ ಗೇರ್ ಬಾಕ್ಸಿನ ಶಾಫ್ಟಿನ ಮೂತಿ ಹೋಗಿ ಕೂರುವುದು ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿರುವ ಪುಟ್ಟ ಬುಶ್‌ನೊಳಗೆ. ಎರಡರ ನಡುಗೆರೆ ಒಂದೇ ಸಾಲಿನಲ್ಲಿರಬೇಕು. ವ್ಯತ್ಯಾಸ 0.1 ಮಿ.ಮೀ. ಆಸುಪಾಸು ದಾಟಿದರೆ ಬುಶ್ ಸವೆಯುತ್ತೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಹಾಕುವಾಗ ಕರ್ ಅನ್ನುತ್ತೆ. ಪ್ಲೇಟ್ ದಪ್ಪ ಜಾಸ್ತಿ ಆಯಿತೋ, ಮೂತಿ ಬುಶ್‌ವರೆಗೆ ತಲುಪುವುದೇ ಇಲ್ಲ.

ಡಯಲ್ ಗೇಜ್ ಇಟ್ಟು ಅಳೆಯುವ ಮೇಸ್ತ್ರಿ ಸಿಕ್ಕರೆ ಅವರ ಕೈಬಿಡಬೇಡಿ. "ಕಣ್ಣಂದಾಜಿಗೆ ಸರಿ ಇದೆ ಸಾರ್" ಅನ್ನುವವರ ಕಡೆಯಿಂದ ನಮಸ್ಕಾರ ಹೇಳಿ ಬನ್ನಿ. ಇನ್ನೂ ಒಳ್ಳೆಯದು, ಎಂಜಿನ್ ಮತ್ತು ಗೇರ್ ಬಾಕ್ಸ್ ಎರಡನ್ನೂ ಒಂದೇ ಗಾಡಿಯಿಂದ ಜೋಡಿಯಾಗಿ ತರುವುದು. ಈ ತಲೆನೋವೇ ಇರುವುದಿಲ್ಲ. ಆದರೆ ಗೇರ್ ಕಡ್ಡಿ ಎಲ್ಲಿ ಬರುತ್ತದೆ ನೋಡಿಕೊಳ್ಳಿ. ಹಳೇ ಅಂಬಾಸಿಡರ್, ಪದ್ಮಿನಿಗಳದು ಹ್ಯಾಂಡ್ ಗೇರ್, ಸ್ಟೀರಿಂಗ್ ಪಕ್ಕ. ಹೊಸ ಬಾಕ್ಸಿನ ಕಡ್ಡಿ ನೆಲದಿಂದ ಏಳುತ್ತದೆ. ಮುಂದಿನ ಉದ್ದ ಸೀಟಿನ ನಟ್ಟನಡುವೆ ಬಂದರೆ ಸೀಟನ್ನೂ ಕತ್ತರಿಸಬೇಕು.

ಗಡಗಡ ಎಲ್ಲಿಂದ ಬರುತ್ತೆ

ಎಂಜಿನ್ ಬದಲಾಯಿಸಿದ ಗಾಡಿಗಳ ದೊಡ್ಡ ದೂರು ಒಂದೇ. 60 ಕಿ.ಮೀ. ದಾಟಿದರೆ ಗಾಡಿ ಗಡಗಡ ಅನ್ನುತ್ತೆ. ಮೊದಲು ಎಂಜಿನ್ ಮೌಂಟಿಂಗ್ ರಬ್ಬರ್ ಬದಲಾಯಿಸುತ್ತಾರೆ. ಹೋಗಲ್ಲ. ಚಕ್ರ ಬ್ಯಾಲೆನ್ಸ್ ಮಾಡಿಸುತ್ತಾರೆ. ಹೋಗಲ್ಲ. ಬಹಳ ಸಲ ತಪ್ಪಿರುವುದು ಪ್ರೊಪೆಲ್ಲರ್ ಶಾಫ್ಟಿನ ಕೋನದಲ್ಲಿ.

ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಮೇಸ್ತ್ರಿಗಳು ಕ್ರಾಸ್ ಅನ್ನುತ್ತಾರೆ. ಈ ಕ್ರಾಸಿಗೆ ಒಂದು ವಿಚಿತ್ರ ಗುಣ ಇದೆ. ಸ್ವಲ್ಪ ಬಾಗಿದ ಕೋನದಲ್ಲಿ ತಿರುಗಿಸಿದರೆ, ಈ ಕಡೆ ಒಂದೇ ವೇಗದಲ್ಲಿ ತಿರುಗಿಸಿದರೂ ಆ ಕಡೆ ಒಂದೇ ವೇಗ ಬರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಹಾಗಾದರೆ ಎಲ್ಲ ಕಾರೂ ಯಾಕೆ ನಡುಗುವುದಿಲ್ಲ? ಎರಡನೇ ಕ್ರಾಸ್ ಇದನ್ನು ಸರಿಮಾಡುತ್ತದೆ. ಮುಂದಿನದು ಜೋರು ಮಾಡಿದಾಗ ಹಿಂದಿನದು ಅಷ್ಟೇ ನಿಧಾನ ಮಾಡುತ್ತದೆ. ಆದರೆ ಇದು ನಡೆಯಬೇಕಾದರೆ ಎರಡೂ ಕಡೆಯ ಕೋನ ಒಂದೇ ಇರಬೇಕು, ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿರಬೇಕು.

ಈಗ ಗ್ಯಾರೇಜಿನಲ್ಲಿ ಏನಾಗುತ್ತೆ ನೋಡಿ. ಹೊಸ ಎಂಜಿನ್ನಿನ ಚೇಂಬರ್ ಕ್ರಾಸ್ ಮೆಂಬರಿಗೆ ತಾಗುತ್ತದೆ. ಮುಂಭಾಗವನ್ನು ಒಂದಿಷ್ಟು ಎತ್ತಿ ಮೌಂಟಿಂಗ್ ವೆಲ್ಡ್ ಮಾಡುತ್ತಾರೆ. ಎಂಜಿನ್ ಕೂತಿತು, ಎಲ್ಲರಿಗೂ ಖುಷಿ. ಆದರೆ ಗೇರ್ ಬಾಕ್ಸಿನ ಬಾಲ ಈಗ ಜಾಸ್ತಿ ಕೆಳಗೆ ಮುಖ ಮಾಡಿದೆ. ಹಿಂದಿನ ಆಕ್ಸಲ್ ಮಾತ್ರ ಮೊದಲಿನ ಕೋನದಲ್ಲೇ ಇದೆ. ಎರಡರ ಲೆಕ್ಕ ತಪ್ಪಿತು. ಗಡಗಡ ಶುರು.

ಪತ್ತೆ ಮಾಡುವುದು ಸುಲಭ. ಖಾಲಿ ರಸ್ತೆಯಲ್ಲಿ ನಡುಕ ಬರುವ ಸ್ಪೀಡಿಗೆ ಹೋಗಿ ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಐಡಲ್‌ಗೆ ಇಳಿದರೂ ನಡುಕ ಹಾಗೇ ಇದ್ದರೆ ಅದು ಎಂಜಿನ್ನಿಂದ ಬರುತ್ತಿಲ್ಲ, ಶಾಫ್ಟಿನ ಕಡೆಯಿಂದ ಬರುತ್ತಿದೆ. ಕೋನ ಅಳೆಯಲು ಮೊಬೈಲಿನ ಲೆವೆಲ್ ಆಪ್ ಕೂಡ ಸಾಕು. ಮತ್ತೆ, ಹೊಸ ಗೇರ್ ಬಾಕ್ಸಿನ ಉದ್ದ ಬೇರೆ ಇರುವುದರಿಂದ ಶಾಫ್ಟನ್ನು ಹೇಗೂ ಕತ್ತರಿಸಿ ವೆಲ್ಡ್ ಮಾಡಿರುತ್ತಾರೆ. ಅದನ್ನು ಮಷಿನ್ನಿನಲ್ಲಿ ಬ್ಯಾಲೆನ್ಸ್ ಮಾಡಿಸದೆ ಹಾಕಿಸಿಕೊಳ್ಳಬೇಡಿ.

ಪವರ್ ಬಂತು, ಸ್ಪೀಡ್ ಎಲ್ಲಿ?

ಒಂದು ಸಣ್ಣ ಲೆಕ್ಕ. ಹಿಂದಿನ ಆಕ್ಸಲಿನ ಅನುಪಾತ 4.5 ಅಂದುಕೊಳ್ಳಿ. ಅಂದರೆ ಶಾಫ್ಟ್ ನಾಲ್ಕೂವರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರಿನ ಸುತ್ತಳತೆ 2 ಮೀಟರ್. ಟಾಪ್ ಗೇರಿನಲ್ಲಿ ಎಂಜಿನ್ ಮತ್ತು ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದಾಗ ಗಾಡಿಯ ಸ್ಪೀಡ್ ಗಂಟೆಗೆ 80 ಕಿ.ಮೀ. ಇದರಲ್ಲಿ ಎಂಜಿನ್ನಿನ ಪವರ್ ಎಲ್ಲೂ ಬರಲಿಲ್ಲ, ಗಮನಿಸಿ. 50 ಹಾರ್ಸ್‌ಪವರ್ ಇದ್ದರೂ 80, 150 ಇದ್ದರೂ 80. ಹೊಸ ಎಂಜಿನ್ ಹಾಕಿ ಹಳೇ ಗೇರ್ ಬಾಕ್ಸ್, ಹಳೇ ಆಕ್ಸಲ್ ಉಳಿಸಿಕೊಂಡರೆ ಹೆದ್ದಾರಿಯಲ್ಲಿ ಎಂಜಿನ್ ಮೊದಲಿನ ಹಾಗೇ ಕಿರುಚುತ್ತದೆ. 0.85 ಅನುಪಾತದ ಐದನೇ ಗೇರ್ ಸಿಕ್ಕರೆ ಅದೇ 3000ಕ್ಕೆ 94 ಕಿ.ಮೀ. ಬರುತ್ತದೆ. ಡೀಸೆಲ್ ಹಾಕಿದವರಿಗೆ ಇದು ಇನ್ನೂ ಮುಖ್ಯ. ಪೆಟ್ರೋಲ್‌ನಷ್ಟು ಮೇಲಕ್ಕೆ ಅದು ತಿರುಗುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಆ ಆಕ್ಸಲ್ ಮಾಡಿದ್ದೇ ಸಣ್ಣ ಟಾರ್ಕಿಗೆ, ಅಂದರೆ ಕಡಿಮೆ ತಿರುಗಿಸುವ ಬಲಕ್ಕೆ. ಹಳೇ ಮನೆಗೆ ದೊಡ್ಡ ಪಂಪ್ ಹಾಕಿದರೆ ಪೈಪು ಸೋರುವ ಹಾಗೆ, ಎಂಜಿನ್ ಜಾಸ್ತಿ ತಳ್ಳಿದಷ್ಟೂ ಅದರ ಮುಂದಿನ ಬಡಪಾಯಿ ಭಾಗ ಮೊದಲು ಹೋಗುತ್ತದೆ. ಕ್ಲಚ್ ಪ್ಲೇಟ್, ಕ್ರಾಸ್, ಡಿಫರೆನ್ಷಿಯಲ್ ಹಲ್ಲು, ಹಿಂದಿನ ಆಕ್ಸಲ್ ಶಾಫ್ಟ್, ಇದೇ ಸಾಲಿನಲ್ಲಿ.

ನಿಲ್ಲಿಸುವುದು ಹೇಗೆ

ಓಡುವ ಗಾಡಿಯಲ್ಲಿರುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುತ್ತಿದ್ದ ಕಾರು 110ರಲ್ಲಿ ಹೋದರೆ ಬ್ರೇಕು ಸುಮಾರು 1.9 ಪಟ್ಟು ಶಕ್ತಿಯನ್ನು ಬಿಸಿಯಾಗಿ ಕರಗಿಸಬೇಕು. ಹಳೇ ಅಂಬಾಸಿಡರ್‌ನ ನಾಲ್ಕೂ ಚಕ್ರಕ್ಕೆ ಡ್ರಮ್. ಇಳಿಜಾರಿನಲ್ಲಿ ಡ್ರಮ್ ಕಾದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಮುಂದೆ ಡಿಸ್ಕ್, ಬೂಸ್ಟರ್, ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಇಲ್ಲದೆ ಎಂಜಿನ್ ಬದಲಾಯಿಸಬೇಡಿ. ಈ ಲೇಖನದಲ್ಲಿ ರಾಜಿ ಇಲ್ಲದೆ ಹೇಳುವ ಮಾತು ಇದೊಂದೇ. ದುಡ್ಡು ಸಾಲದಿದ್ದರೆ ಮೊದಲು ಬ್ರೇಕ್ ಮಾಡಿಸಿ, ಎಂಜಿನ್ ಮುಂದಿನ ವರ್ಷ.

ಡೀಸೆಲ್ ಹಾಕುವವರು ಇಲ್ಲಿ ಒಂದು ಗುಂಡಿಗೆ ಬೀಳುತ್ತಾರೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮ್‌ನಿಂದ. ಪೆಟ್ರೋಲ್ ಎಂಜಿನ್‌ಗೆ ಗಾಳಿ ತಡೆಯುವ ಥ್ರಾಟಲ್ ಇರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ತಾನಾಗಿ ವ್ಯಾಕ್ಯೂಮ್ ಹುಟ್ಟುತ್ತದೆ, ಅಲ್ಲಿಂದ ಒಂದು ಪೈಪ್ ಎಳೆದರೆ ಮುಗಿಯಿತು. ಹಳೇ ಥರದ ಡೀಸೆಲ್ ಎಂಜಿನ್ ಗಾಳಿಯನ್ನು ತಡೆಯುವುದೇ ಇಲ್ಲ. ಹಾಗಾಗಿ ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನ ಮೇಲೆ ಕೂತಿರುತ್ತದೆ. ಗುಜರಿಯಲ್ಲಿ ಎಂಜಿನ್ ಕೊಳ್ಳುವಾಗ ಆಲ್ಟರ್ನೇಟರನ್ನು ಬೇರೆ ಮಾರಿಬಿಟ್ಟಿರುತ್ತಾರೆ. ನೀವು ಯಾವುದೋ ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಹಾಕಿಸುತ್ತೀರಿ. ಚಾರ್ಜ್ ಆಗುತ್ತೆ, ಲೈಟ್ ಉರಿಯುತ್ತೆ. ಬ್ರೇಕ್ ಪೆಡಲ್ ಮಾತ್ರ ಕಲ್ಲು.

ನೀರು, ಎಣ್ಣೆ, ವೈರು

ರೇಡಿಯೇಟರ್ ದೊಡ್ಡದು ಬೇಕು, ಎಲೆಕ್ಟ್ರಿಕ್ ಫ್ಯಾನ್ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹೀಟರ್ ಪೈಪಿನ ವಿಷಯ. ಹೊಸ ಎಂಜಿನ್‌ಗೆ ಹೀಟರ್‌ಗೆ ಹೋಗುವ ಎರಡು ಪೈಪ್ ಇರುತ್ತವೆ. ನಮ್ಮ ಹಳೇ ಕಾರಿಗೆ ಹೀಟರೇ ಇಲ್ಲ, ಎರಡಕ್ಕೂ ಮುಚ್ಚಳ ಹಾಕಿಬಿಡುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ಗೆ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಬಿಸಿನೀರು ಮುಟ್ಟುವುದೇ ಈ ದಾರಿಯಿಂದ. ದಾರಿ ಮುಚ್ಚಿದರೆ ಥರ್ಮೋಸ್ಟಾಟ್ ಸರಿಯಾಗಿ ತೆರೆಯುವುದಿಲ್ಲ, ಅಲ್ಯುಮಿನಿಯಂ ಹೆಡ್ ಬೆಂಡಾಗುತ್ತದೆ. ಎರಡೂ ಪೈಪನ್ನು ಒಂದಕ್ಕೊಂದು ಸೇರಿಸಿದ್ದರೆ ಸಾಕಿತ್ತು.

ಕಾರ್ಬ್ಯುರೇಟರಿಗೆ ಪೆಟ್ರೋಲ್ ತೊಟ್ಟಿಕ್ಕಿದರೂ ನಡೆಯುತ್ತದೆ, ಪಂಪಿನ ಒತ್ತಡ ಕಾಲು ಬಾರ್ ಇದ್ದರೆ ಸಾಕು. ಎಂಪಿಎಫ್‌ಐ ಎಂಜಿನ್‌ಗೆ, ಅಂದರೆ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಜಿನ್‌ಗೆ, ಸುಮಾರು 3 ಬಾರ್ ಬೇಕು. ಆದ್ದರಿಂದ ಹೊಸ ಪಂಪ್, ಗಟ್ಟಿ ಪೈಪ್, ಹಲವು ಎಂಜಿನ್‌ಗಳಿಗೆ ಟ್ಯಾಂಕಿಗೆ ವಾಪಸ್ ಬರುವ ಲೈನ್ ಕೂಡ ಬೇಕು. ಹಳೇ ಟ್ಯಾಂಕಿನ ತುಕ್ಕು ಇಂಜೆಕ್ಟರಿಗೆ ವಿಷ, ಮೊದಲು ತೊಳೆಸಿ.

ಅತಿ ಹೆಚ್ಚು ಗಾಡಿಗಳು ಮೂಲೆ ಸೇರುವುದು ವೈರಿಂಗ್ ಹಂತದಲ್ಲಿ. ಹೊಸ ಎಂಜಿನ್ ಅಂದರೆ ಕಬ್ಬಿಣ ಮಾತ್ರ ಅಲ್ಲ. ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಇದೆ. ಕ್ರ್ಯಾಂಕ್ ಎಲ್ಲಿದೆ, ನೀರು ಎಷ್ಟು ಬಿಸಿ, ಗಾಳಿ ಎಷ್ಟು, ಹೊಗೆಯಲ್ಲಿ ಆಮ್ಲಜನಕ ಎಷ್ಟು ಅಂತ ಅದಕ್ಕೆ ಸೆನ್ಸರ್‌ಗಳು ಹೇಳುತ್ತಿರಬೇಕು. ಕೀಲಿಯೊಳಗೆ ಒಂದು ಚಿಪ್ ಇದೆ. ಆ ಚಿಪ್ಪಿನ ಗುರುತು ಸಿಗದಿದ್ದರೆ ಇಸಿಯು ಎಂಜಿನ್ನನ್ನು ಓಡಲು ಬಿಡುವುದಿಲ್ಲ. ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡಿಯುವುದಿಲ್ಲ, ಅಥವಾ ಹಿಡಿದು ಎರಡು ಸೆಕೆಂಡಿಗೆ ಆಫ್. ಇನ್ನೂ ಹೊಸ ಗಾಡಿಗಳಲ್ಲಿ ಇಸಿಯು ಎಬಿಎಸ್ ಜೊತೆ, ಮೀಟರ್ ಬೋರ್ಡ್ ಜೊತೆ, ಬಾಡಿಯ ಇನ್ನೊಂದು ಕಂಪ್ಯೂಟರ್ ಜೊತೆ ಮಾತಾಡುತ್ತಲೇ ಇರುತ್ತದೆ. ಅವು ಯಾವುವೂ ಉತ್ತರ ಕೊಡದಿದ್ದರೆ ಪವರ್ ಕಡಿಮೆ ಮಾಡಿ ಕೂರುತ್ತದೆ.

ಅದಕ್ಕೇ ಅನುಭವಸ್ಥರು ತೀರಾ ಹೊಸ ಎಂಜಿನ್ ಹುಡುಕುವುದಿಲ್ಲ. 2000ದ ಆಸುಪಾಸಿನದ್ದು ನೋಡುತ್ತಾರೆ. ಇಂಜೆಕ್ಷನ್ ಇರುತ್ತದೆ, ಬುದ್ಧಿವಂತಿಕೆ ಅತಿಯಾಗಿರುವುದಿಲ್ಲ. ಇನ್ನು ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಅರ್ತ್ ಮಾಡಿರುತ್ತಿದ್ದರು. ಈಗಿನದು ನೆಗೆಟಿವ್ ಅರ್ತ್. ಇದನ್ನು ನೋಡದೆ ಇಸಿಯುಗೆ ಕನೆಕ್ಷನ್ ಕೊಟ್ಟರೆ ಅವತ್ತೇ ಸುಟ್ಟುಹೋಗುತ್ತದೆ.

ಜೀಪಿಗೆ ಮಾತ್ರ ಯಾಕೆ ಸಲೀಸು?

ಮಲೆನಾಡು, ಕೊಡಗಿನ ಎಸ್ಟೇಟ್ ಕಡೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಇಳಿಸುವುದು ಹಳೇ ರೂಢಿ. ಅಲ್ಲಿ ಇಷ್ಟೆಲ್ಲ ರಾದ್ಧಾಂತ ಆಗಲಿಲ್ಲ. ಜೀಪಿಗೆ ಪ್ರತ್ಯೇಕ ಗಟ್ಟಿ ಚಾಸಿ ಇದೆ, ಬ್ರಾಕೆಟ್ ಎಲ್ಲಿ ಬೇಕಾದರೂ ವೆಲ್ಡ್ ಮಾಡಬಹುದು. ಬಾನೆಟ್ ಕೆಳಗೆ ಜಾಗ ಧಾರಾಳ. ಆ ಡೀಸೆಲ್ ಎಂಜಿನ್‌ಗಳಿಗೆ ಇಸಿಯು ಇರಲಿಲ್ಲ, ಸೆಲ್ಫಿಗೆ ಒಂದು ವೈರು, ಆಫ್ ಮಾಡಲು ಎಳೆಯುವ ಒಂದು ಕೇಬಲ್. ಎಲ್ಲಕ್ಕಿಂತ ಮುಖ್ಯ, ತೋಟದ ದಾರಿಯಲ್ಲಿ ಯಾರೂ 100ರಲ್ಲಿ ಹೋಗುವುದಿಲ್ಲ. ಅಂಬಾಸಿಡರ್‌ಗೆ ಹಾಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ತುಕ್ಕು ಹಿಡಿದ ಬಾಡಿಗೆ ಜಾಸ್ತಿ ಟಾರ್ಕ್ ಕೊಟ್ಟರೆ ಬಾಗಿಲು ಹಾಕುವಾಗಲೇ ಗೊತ್ತಾಗುತ್ತದೆ.

ಕಾನೂನು ಏನು ಹೇಳುತ್ತೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆ ಆಗದ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ, ಇಂಧನ ಎಲ್ಲ ನಮೂದಾಗಿರುತ್ತದೆ. ಕೆಟ್ಟ ಎಂಜಿನ್ ಬದಲು ಅದೇ ಥರದ ಇನ್ನೊಂದನ್ನು ಹಾಕಿ ಆರ್‌ಟಿಒ ಅನುಮತಿಯಿಂದ ನಂಬರ್ ತಿದ್ದಿಸಲು ದಾರಿ ಇದೆ. ಬೇರೆ ಕಂಪನಿಯ, ಬೇರೆ ಸಿಸಿಯ ಎಂಜಿನ್ ಆದರೆ ಆ ದಾರಿ ಬಹಳ ಇಕ್ಕಟ್ಟು. "ಮೊದಲು ಹಾಕಿಸಿ, ಆರ್‌ಸಿ ಆಮೇಲೆ ನೋಡೋಣ" ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ನೋಡುವುದು ಎಂಜಿನ್ ನಂಬರನ್ನೇ.

ವಿಂಟೇಜ್ ನಿಯಮ ಇನ್ನೊಂದು ಇದೆ, 2021ರಲ್ಲಿ ಬಂದದ್ದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುವ ಪ್ರತ್ಯೇಕ ನೋಂದಣಿ ಸಿಗುತ್ತದೆ. ಷರತ್ತು: ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮದು 1970ರ ಗಾಡಿಯಾದರೆ ಎಂಜಿನ್ ತೆಗೆಯುವ ದಿನ ಈ ಅವಕಾಶವನ್ನೂ ತೆಗೆದುಹಾಕಿದ ಹಾಗೆ. ಬ್ಯಾಟರಿ, ಸಿಎನ್‌ಜಿ ಥರದ ಇಂಧನ ಬದಲಾವಣೆಗೆ ಮಾತ್ರ ಕಾಯ್ದೆಯಲ್ಲೇ ಬಾಗಿಲು ಇಟ್ಟಿದ್ದಾರೆ. ಅದಕ್ಕೆ ಅನುಮೋದಿತ ಕಿಟ್ ಬೇಕು. ಜಾಗ್ವಾರ್ ಕಂಪನಿ 2017ರಲ್ಲಿ ತನ್ನ ಹಳೇ ಇ-ಟೈಪ್ ಕಾರಿಗೆ ಎಲೆಕ್ಟ್ರಿಕ್ ಮೋಟರ್ ಹಾಕಿ ತೋರಿಸಿತ್ತು. ಅಂಬಾಸಿಡರ್‌ಗೂ ಆಗಬಹುದು, ಆದರೆ ಬ್ಯಾಟರಿ ಬೆಲೆಗೆ ಇನ್ನೊಂದು ಕಾರು ಬರುತ್ತದೆ.

ಹಾಗಾದರೆ ಅಂಬಾಸಿಡರ್‌ಗೆ ಯಾವುದು ಹಾಕಿಸಲಿ ಅಂದರೆ, ನಾನು ಹೇಳುವುದು ಇಸುಜು 1.8. ಪವರ್ ಜಾಸ್ತಿ ಅಂತಲ್ಲ. ಮೌಂಟಿಂಗ್ ಎಲ್ಲಿ, ಶಾಫ್ಟ್ ಎಷ್ಟು ಉದ್ದ, ರೇಡಿಯೇಟರ್ ಯಾವುದು ಅಂತ ಕಂಪನಿಯೇ ಲೆಕ್ಕ ಹಾಕಿ ಮುಗಿಸಿದೆ, ಪಾರ್ಟುಗಳೂ ಅದೇ ಮಾಡೆಲ್ಲಿನವು. ಕಾರ್ಬ್ಯುರೇಟರ್ ಇರುವಂಥದ್ದಾದರೆ ಇಸಿಯು ರಗಳೆಯೂ ಇಲ್ಲ. ಆರ್‌ಟಿಒ ಮುಂದೆ ವಾದ ಮಾಡಲು ಒಂದು ಹಿಡಿ ಸಿಗುತ್ತದೆ, ಗ್ಯಾರಂಟಿ ಅಲ್ಲ. ಎಂಜಿನ್ ಒಂದನ್ನೇ ಕೊಳ್ಳಬೇಡಿ. ಓಡುತ್ತಿರುವ ಇಡೀ ಗಾಡಿ ಕೊಂಡು, ಓಡಿಸಿ ನೋಡಿ, ಆಮೇಲೆ ಬಿಚ್ಚಿಸಿ. ಬ್ರಾಕೆಟ್, ಪೈಪು, ಪೆಡಲ್, ಕೇಬಲ್, ಕೊನೆಯ ಬೋಲ್ಟ್‌ವರೆಗೆ ಎಲ್ಲ ಅದರಲ್ಲೇ ಇರುತ್ತವೆ. ಒಂದೊಂದನ್ನೇ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ಸ್ ಅಂಗಡಿ ಅಲೆಯುವುದಕ್ಕಿಂತ ಅದು ಅಗ್ಗ. ತೆಗೆದ ಹಳೇ ಎಂಜಿನ್ನನ್ನು ಮೇಸ್ತ್ರಿ "ಇದೇನು ಮಾಡ್ತೀರಾ ಸಾರ್, ತೂಕಕ್ಕೆ ಹಾಕೋಣ" ಅಂದರೆ ಒಪ್ಪಬೇಡಿ. ಆರ್‌ಸಿಯಲ್ಲಿರುವ ನಂಬರ್ ಕೊರೆದಿರುವುದು ಅದರ ಮೇಲೆ. ಮುಂದೆ ಕೊಳ್ಳುವವನು ಕೇಳುವುದೂ ಅದನ್ನೇ.